ಗಿಟಾರಿಗೆ ಚಳಿಯಾಗುತ್ತೆ

ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ನಮ್ಮತ್ತೆಯ ದುಂಡು ಮೇಜನ್ನು ಎತ್ತಿ ಮೂರನೇ ಮಹಡಿಯ ಬಾಲ್ಕನಿಯಿಂದ ಕೆಳಗೆ ಒಗೆಯಬೇಕು ಅನ್ನಿಸಿತು. ಒಗೆಯಲಿಲ್ಲ. ಅದರ ಕೆಳಗೆ ನನ್ನ ಗಿಟಾರ್ ಇತ್ತು.

ಮೊದಲು ಕಣ್ಣಿಗೆ ಬಿದ್ದದ್ದು ಹಿಂದಿನ ಕೋಣೆಯ ಖಾಲಿ ಮೊಳೆ. ಬೆಳಗ್ಗೆಯಿಂದ ರಿಯಲೆಹೋ ಬಡಾವಣೆಯ ಮೆಟ್ಟಿಲುಗಳನ್ನು ಹತ್ತಿ ಇಳಿದು, ಕಿತ್ತಳೆ ಬಣ್ಣದ ಗ್ಯಾಸ್ ಸಿಲಿಂಡರ್ ಹೊತ್ತು ಬೆನ್ನು ಎರಡಾಗಿತ್ತು. ಆದರೂ ಊಟಕ್ಕೆ ಮುಂಚೆ ಗಿಟಾರನ್ನು ಒಂದು ಸಲ ನೋಡಿ ಬರುವುದು ನನ್ನ ಪದ್ಧತಿ. ಗ್ರನಾಡಾದ ಫೆಬ್ರವರಿಯಲ್ಲಿ ಆ ಕೋಣೆ ಐಸ್‌ಪೆಟ್ಟಿಗೆ. ಅದಕ್ಕೇ ಅಲ್ಲಿ ನೇತು ಹಾಕಿದ್ದೆ. ಮೆರುಗು ಹಚ್ಚದ ಹಸಿ ಗಿಟಾರಿಗೆ ಬೇಕಾದದ್ದು ತಣ್ಣಗಿನ, ಏರಿಳಿತವಿಲ್ಲದ ಗಾಳಿ.

“ಅತ್ತೇ! ಗಿಟಾರ್ ಎಲ್ಲಿ?”

“ಯಾಕೋ ಅರಚ್ತೀಯಾ? ಬೆಟ್ಟದಿಂದ ಹಿಮದ ಗಾಳಿ ಬೀಸ್ತಿತ್ತು. ಬೆಚ್ಚಗೆ ಇಟ್ಟಿದೀನಿ.”

ಬೆಚ್ಚಗೆ. ಸಿನಿಮಾದಲ್ಲಾದರೆ ಹಿನ್ನೆಲೆ ಸಂಗೀತ ಅಲ್ಲಿಗೆ ನಿಲ್ಲುತ್ತದೆ, ಹೀರೋನ ಕೈಯಿಂದ ಗ್ಲಾಸು ಬೀಳುತ್ತದೆ. ನನ್ನ ಕೈಯಲ್ಲಿ ಗ್ಲಾಸಿರಲಿಲ್ಲ. ಮೇಜಿನ ಸುತ್ತ ನೆಲದವರೆಗೆ ಇಳಿಬಿದ್ದಿದ್ದ ದಪ್ಪ ಬಟ್ಟೆಯನ್ನು ಎತ್ತಿದೆ. ಒಳಗಿನಿಂದ ಒಲೆಯ ಬಾಯಿ ತೆರೆದಂತೆ ಬಿಸಿ ಹೊಡೆಯಿತು. ನಮ್ಮೂರಿನ ಪ್ರತಿ ಮನೆಯಲ್ಲೂ ಮೇಜಿನ ಕೆಳಗೆ ಕಾಲು ಕಾಯಿಸಲು ಇರುವ ಬ್ರಸೇರೋ, ಅದರ ವಿದ್ಯುತ್ ಸುರುಳಿ ಕೆಂಪಗೆ ಉರಿಯುತ್ತಿತ್ತು. ಪಕ್ಕದಲ್ಲಿ ಅತ್ತೆಯ ನೀಲಿ ಉಣ್ಣೆ ಶಾಲು ಹೊದ್ದು, ಹಸುಗೂಸಿನ ಹಾಗೆ ನನ್ನ ಗಿಟಾರ್ ಮಲಗಿತ್ತು.

ಹೊರಗೆಳೆದು ಬೆಳಕಿಗೆ ಹಿಡಿದೆ. ಎದೆಹಲಗೆಯ ಬುಡದಿಂದ ಮೇಲಕ್ಕೆ ಒಂದು ಗೇಣು ಬಿರುಕು. ಕಿಟಕಿಯ ಬೆಳಕು ಅದರೊಳಗೆ ಹಾದು ಹೋಗುತ್ತಿತ್ತು.

“ಎಷ್ಟು ಹೊತ್ತು ಇಟ್ಟಿದ್ದೆ?”

“ಹತ್ತೂವರೆಯಿಂದ. ಯಾಕೋ, ಜ್ವರ ಬಂತಾ?”

ನಾನು ಆಗ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಎದುರು ಮನೆಯವರು ಕಿಟಕಿ ಮುಚ್ಚಿಕೊಂಡರು, ಅಷ್ಟು ಸಾಕು.

ಈ ಗಿಟಾರ್ ಯಾಕಿತ್ತು ಅನ್ನುವುದನ್ನು ಹೇಳದಿದ್ದರೆ ನನ್ನ ಸಿಟ್ಟು ನಿಮಗೆ ತಿಳಿಯುವುದಿಲ್ಲ. ನನ್ನ ತಂಗಿ ನೊಯೆಲಿಯಾ ಗಿಟಾರ್ ನುಡಿಸುತ್ತಾಳೆ. ಕೋರ್ದೋಬಾದ ಸಂಗೀತ ಶಾಲೆಯಲ್ಲಿ ಕಲಿಯುತ್ತಾಳೆ. ಹದಿನಾಲ್ಕು ತಿಂಗಳಿಂದ ನನ್ನ ಜೊತೆ ಒಂದು ಮಾತೂ ಆಡಿಲ್ಲ. ಕಾರಣ ನನ್ನ ತಮಾಷೆ. ಅವಳು ರಜೆಗೆ ಬಂದಿದ್ದಾಗ ಗಿಟಾರ್ ಕಳುವಾಯಿತೆಂದು ನಾಟಕ ಆಡಿ, ಅವಳ ಮುಖವನ್ನು ವೀಡಿಯೋ ಮಾಡುವ ಯೋಜನೆ ನನ್ನದು. ಬೀದಿ ಬದಿಯಲ್ಲಿ ಯಾರೋ ಹೊರಗಿಟ್ಟಿದ್ದ ಹಳೇ ಬೀರುವಿನೊಳಗೆ ಗಿಟಾರನ್ನು ಬಚ್ಚಿಟ್ಟೆ. ಹತ್ತೇ ನಿಮಿಷ. ಮೂಲೆಯ ಅಂಗಡಿಯಲ್ಲಿ ಫೋನಿಗೆ ಚಾರ್ಜ್ ಹಾಕಿಸಿಕೊಂಡು ಬರುವಷ್ಟರಲ್ಲಿ ಹಳೇ ಸಾಮಾನು ಒಯ್ಯುವ ಲಾರಿ ಬಂದು, ಬೀರುವನ್ನು ಎತ್ತಿ, ಹಲ್ಲಿನ ನಡುವೆ ಹಾಕಿಕೊಂಡು ಅಗಿಯಿತು. ನೊಯೆಲಿಯಾ ಬಾಲ್ಕನಿಯಿಂದ ಕಣ್ಣಾರೆ ನೋಡಿದಳು. ಅವಳ ಮುಖದ ವೀಡಿಯೋ ಮಾಡುವುದು ನನಗೆ ನೆನಪಾಗಲಿಲ್ಲ.

ಕ್ಷಮೆ ಕೇಳಿದೆ, ಕಾಗದ ಬರೆದೆ, ಅಂಗಡಿಯಿಂದ ಹೊಸದು ಕೊಡಿಸುತ್ತೇನೆ ಅಂದೆ. ಬಾಗಿಲು ಮುಚ್ಚಿದಳು. ಆ ಬಾಗಿಲಿಗೇ ಬಾಯಿಟ್ಟು, ನನ್ನ ಹೆಸರು ಹಿಡಿದೇ ಶಪಥ ಮಾಡಿದೆ: “ಕೇಳಿಸ್ಕೋ! ಈ ಹೊಸುವೆ ಒಡೆದದ್ದನ್ನ ಈ ಹೊಸುವೆಯ ಕೈಯೇ ಕಟ್ಟುತ್ತೆ!” ಒಳಗಿನಿಂದ ಒಂದು ಚಪ್ಪಲಿ ಬಂದು ಬಾಗಿಲಿಗೆ ಬಡಿಯಿತು.

ಅಲ್ಲಿಂದ ವಾರಕ್ಕೆರಡು ಸಂಜೆ ಗಿಟಾರ್ ಮಾಡುವ ಹಿನೆಸ್ ಮೇಷ್ಟ್ರ ಕಾರ್ಖಾನೆಯಲ್ಲಿ ಪಾಠ, ಉಳಿದ ಸಂಜೆಗಳೆಲ್ಲ ಅತ್ತೆಯ ಅಡುಗೆಮನೆಯಲ್ಲಿ ಅಭ್ಯಾಸ. ಗಿಟಾರಿನ ಪಕ್ಕೆಗೆ ಸೈಪ್ರೆಸ್ ಮರದ ಪಟ್ಟಿಯನ್ನು ಬಿಸಿ ಕೊಳವೆಗೆ ಒತ್ತಿ ಬಗ್ಗಿಸಲು ಹೋಗಿ ಮೂರು ಮುರಿದೆ, ನಾಲ್ಕನೆಯದನ್ನು ಸುಟ್ಟೆ. ಕುತ್ತಿಗೆಯನ್ನು ಮೂರು ಸಲ ಕೆತ್ತಿದೆ. ಎದೆಹಲಗೆಯನ್ನು ಅಂಚಿಗೆ ಕೂಡಿಸುವ ಚಿಟುಕೆಯಷ್ಟು ಮರದ ತುಂಡುಗಳಿಗೆ ನಮ್ಮಲ್ಲಿ ಕಾಲಾಳುಗಳು ಅನ್ನುತ್ತಾರೆ. ಅವನ್ನು ಒಂದೊಂದಾಗಿ ಅಂಟಿಸಬೇಕು, ಒಂದೊಂದನ್ನೂ ಬೆರಳಲ್ಲಿ ಒತ್ತಿ ಹಿಡಿದು ಅದು ಕಚ್ಚಿಕೊಳ್ಳುವವರೆಗೆ ಕಾಯಬೇಕು. ನೂರಾ ಮೂವತ್ತೆಂಟು ಕಾಲಾಳುಗಳು. ಹುಟ್ಟಿದಾಗಿನಿಂದ ಒಂದು ನಿಮಿಷ ಸುಮ್ಮನೆ ಕೂರದ ನಾನು ಕೂತೆ. ಡಿಸೆಂಬರಿನಲ್ಲಿ ಬೆನ್ನುಹಲಗೆ ಇಟ್ಟು, ಸುತ್ತ ಹಗ್ಗ ಬಿಗಿದು ಪೆಟ್ಟಿಗೆ ಮುಚ್ಚಿದೆ. ಮುಚ್ಚಿದ ಮೇಲೆ ಒಳಗೆ ಹೋಗುವ ದಾರಿ ಒಂದೇ, ಎದೆಯ ಮೇಲಿನ ದುಂಡು ಬಾಯಿ.

ಮಾರ್ಚ್ ಎರಡನೇ ಸೋಮವಾರ ನೊಯೆಲಿಯಾಳ ಪರೀಕ್ಷೆ. ಯಾರದೋ ಎರವಲು ಗಿಟಾರಿನಲ್ಲಿ ಅಭ್ಯಾಸ ಮಾಡುತ್ತಿದ್ದಳು. ಪರೀಕ್ಷೆಗೆ ಎರಡು ದಿನ ಮುಂಚೆ, ಶನಿವಾರ, ಅತ್ತೆಯನ್ನು ನೋಡಲು ಬರುವವಳಿದ್ದಳು. ಆ ಶನಿವಾರ ಅವಳು ಇದನ್ನು ಕೈಗೆ ತೆಗೆದುಕೊಳ್ಳಬೇಕು. ನನಗೆ ಬೇಕಾದದ್ದು ಅಷ್ಟೇ ಇತ್ತು. ಅದರ ಮೇಲೆ ಈಗ ಗೇಣುದ್ದದ ಬಿರುಕು.

“ಬೇಕಂತಾನೇ ಮಾಡಿದೀಯಾ!” ಅಂದೆ. “ನೊಯೆಲಿಯಾ ನನ್ನ ಕ್ಷಮಿಸ್ಬಾರ್ದು ಅಂತ!”

ಆಂಗುಸ್ತಿಯಾಸ್ ಅತ್ತೆ ನಮ್ಮಪ್ಪನ ಅಕ್ಕ, ಎಪ್ಪತ್ತೊಂದು ವರ್ಷದವಳು. ನನ್ನ ಎದೆಯವರೆಗೂ ಬರುವುದಿಲ್ಲ. ಚೊರಿಸೋ ಸಾಸೇಜು ಹಾಕಿದ ಬೇಳೆಯ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದಳು.

“ಗಿಟಾರಿಗೆ ಚಳಿಯಾಗುತ್ತೆ ಅಂದೋನು ಯಾರು?”

“ಅದು ಜೋಕ್ ಅತ್ತೆ!”

“ಓಹೋ. ಯಾವ್ದು ಜೋಕು, ಯಾವ್ದು ನಿಜ ಅಂತ ಹಣೆ ಮೇಲೆ ಬರ್ಕೊಂಡು ಓಡಾಡು ಹಾಗಾದ್ರೆ.”

ಕ್ರಿಸ್‌ಮಸ್ ಊಟದ ದಿನ ನಡೆದದ್ದು ಅದು. ಪೆಟ್ಟಿಗೆ ಮುಚ್ಚಿದ ಖುಷಿಯಲ್ಲಿದ್ದೆ. ‘ಅತ್ತೆ, ಇದು ನವಜಾತ ಶಿಶು, ಚಳಿ ತಗುಲಿದ್ರೆ ಸ್ವರ ಹೋಗುತ್ತೆ, ದಿನಾ ಜ್ವರ ನೋಡ್ಬೇಕು’ ಎಂದು ಗಂಭೀರವಾಗಿ ಹೇಳಿ ಥರ್ಮಾಮೀಟರ್ ಕೊಟ್ಟೆ. ಅತ್ತೆ ಕನ್ನಡಕ ಹಾಕಿಕೊಂಡು ಗಿಟಾರಿನ ಬಾಯಿಗೆ ಥರ್ಮಾಮೀಟರ್ ಇಟ್ಟು, ಗಡಿಯಾರ ನೋಡುತ್ತಾ ನಿಂತಳು. ಅದನ್ನು ಫೋನಿನಲ್ಲಿ ಹಿಡಿದು ಕಾರ್ಖಾನೆಯ ಗೆಳೆಯರಿಗೆಲ್ಲ ಕಳಿಸಿದೆ. ಕೆಳಗೆ ಡೈಲಾಗ್ ಬೇರೆ: ‘ಡಾಕ್ಟರ್ ಆಂಗುಸ್ತಿಯಾಸ್, ಎಂಟ್ರಿ ಕೊಟ್ರೆ ಮರಕ್ಕೂ ಜೀವ!’ ಇಡೀ ಬಡಾವಣೆ ನಕ್ಕಿತು.

“ನೀನು ಅದನ್ನ ನಂಬ್ತೀಯಾ ಅಂತ ನಂಗೇನ್ ಗೊತ್ತು?” ಅಂದೆ.

“ಜನವರಿಲಿ ಬೇಕರಿ ಫುಯೆನ್ಸಾಂತಾ ವೀಡಿಯೋ ತೋರಿಸಿದ್ಲು. ಹದಿನೈದು ಜನ ಕ್ಯೂನಲ್ಲಿದ್ರು. ‘ಡಾಕ್ಟ್ರೇ, ನನ್ನ ಬ್ರೆಡ್ಡಿಗೂ ಜ್ವರ ನೋಡಿ’ ಅಂದ್ರು. ಥರ್ಮಾಮೀಟರ್ ಜೋಕು ಅಂತ ಅವತ್ತೇ ತಿಳೀತು.” ಅತ್ತೆಯ ಧ್ವನಿ ಏರಲಿಲ್ಲ. ಅದೇ ಕೆಟ್ಟದ್ದು. “ಆದ್ರೆ ದಿನಾ ಸಂಜೆ ನೀನೇ ನಿನ್ನ ಕೈಯಾರೆ ಅದಕ್ಕೆ ಕಂಬಳಿ ಹೊದಿಸ್ತಿದ್ದೆ. ಯಾರೂ ನೋಡ್ದೇ ಇದ್ದಾಗ್ಲೂ ಹೊದಿಸ್ತಿದ್ದೆ. ಯಾರೂ ನೋಡ್ದೇ ಇರೋವಾಗ ಯಾರ್ ಜೋಕ್ ಮಾಡ್ತಾರೆ? ಇದೊಂದು ನಿಜ ಇರ್ಬೇಕು ಅನ್ಕೊಂಡೆ.”

ಕಂಬಳಿ ಹೊದಿಸುತ್ತಿದ್ದದ್ದು ಧೂಳಿಗೆ, ಒಣಗಾಳಿಗೆ. ಹೇಳಲು ಬಾಯಿ ತೆರೆದೆ.

“ಉಣ್ಣು. ತಣ್ಣಗಾಗುತ್ತೆ,” ಅಂದಳು.

ಉಣ್ಣಲಿಲ್ಲ. ಗಿಟಾರನ್ನು ಅದೇ ದರಿದ್ರ ನೀಲಿ ಶಾಲಿನಲ್ಲಿ ಸುತ್ತಿಕೊಂಡು ಮೇಷ್ಟ್ರ ಕಾರ್ಖಾನೆಗೆ ಏರು ದಾರಿ ಹತ್ತಿದೆ. ದಾರಿಯುದ್ದಕ್ಕೂ ಸಿಟ್ಟಿನಲ್ಲಿ ಒಬ್ಬನೇ ಮಾತಾಡಿಕೊಂಡೆ. ಬ್ರಸೇರೋ ಕಂಡುಹಿಡಿದವನಿಗೆ, ಹಿಮಕ್ಕೆ, ಬೇಕರಿಗೆ, ಫುಯೆನ್ಸಾಂತಾಳಿಗೆ, ಎಲ್ಲರಿಗೂ ಪಾಲು ಕೊಟ್ಟೆ.

ಹಿನೆಸ್ ಮೇಷ್ಟ್ರು ಶಾಲು ಬಿಚ್ಚಿದರು. ಬಿರುಕಿನ ಮೇಲೆ ಹೆಬ್ಬೆರಳು ಎಳೆದರು. ಮೂಸಿ ನೋಡಿದರು.

“ಮೇಜಿನ ಕೆಳಗಾ?”

“ನಮ್ಮತ್ತೆ, ಮೇಷ್ಟ್ರೇ! ಆ ಮುದುಕಿ...”

“ಬಾಯ್ಮುಚ್ಚು.” ಮೇಷ್ಟ್ರು ಉಳಿಯನ್ನು ಹಲಗೆಗೆ ಚುಚ್ಚಿ ನಿಲ್ಲಿಸಿದರು. “ಈ ಊರಲ್ಲಿ ಗಿಟಾರ್ ಮಾಡೋ ಅರ್ಧ ಜನರ ಮೊದಲನೇದು ಒಡೆದದ್ದು ಮೇಜಿನ ಕೆಳಗೇನೆ. ನಂದೂ ಅಷ್ಟೆ. ಆದ್ರೆ ಗೋಂದು ಬೇಗ ಒಣಗ್ಲಿ ಅಂತ ನಾವೇ ಇಟ್ಟು ಒಡೆದ್ವಿ. ಮನೇಲಿರೋ ವಯಸ್ಸಾದೋರಿಗೆ ಸುಳ್ಳು ಕಲಿಸಿ ಒಡೆಸಿದ ಮೊದಲ ಗಂಡು ನೀನೇ. ಆ ವೀಡಿಯೋ ನೋಡಿ ನಾನೂ ನಕ್ಕೆ ನೋಡು, ನನ್ನ ಕೆನ್ನೆಗೂ ಎರಡು ಬಿಡ್ಬೇಕು.”

“ಸರಿಯಾಗುತ್ತಾ ಮೇಷ್ಟ್ರೇ?”

“ಸ್ನಾನದ ಮನೇಲಿ ಒದ್ದೆ ಸ್ಪಂಜಿನ ಪಕ್ಕ ಒಂದು ವಾರ ನೇತು ಹಾಕು. ಮರ ನೀರು ಕುಡಿದು ಹಿಗ್ಗಿ ಬಿರುಕು ತಾನಾಗೇ ಮುಚ್ಕೊಳ್ಳುತ್ತೆ. ಆಮೇಲೆ ಗೋಂದು. ಆಮೇಲೆ ಒಳಗಿನಿಂದ ಐದು ತೇಪೆ ಹಾಕ್ಬೇಕು. ಉಗುರಿನಷ್ಟು ದಪ್ಪದ ಚೂರು, ಕೂದಲೆಳೆ ಆಚೀಚೆ ಆಗ್ಬಾರ್ದು. ಪಟ್ಟಿಗಳ ಮಧ್ಯೆ ಕೂರಿಸ್ಬೇಕು. ನಿನ್ನ ಕೈ ತೋರ್ಸು.”

ತೋರಿಸಿದೆ. ಏಳು ವರ್ಷ ಸಿಲಿಂಡರ್ ಎತ್ತಿದ ಕೈ. ಗಿಟಾರಿನ ಬಾಯಿಗೆ ತೂರಿಸಿದರೆ ಗೆಣ್ಣಿನ ಹತ್ತಿರವೇ ಸಿಕ್ಕಿಕೊಂಡಿತು. ಮೇಷ್ಟ್ರು ತಮ್ಮದನ್ನೂ ಪಕ್ಕಕ್ಕೆ ಹಿಡಿದರು. ಎರಡು ಹಂದಿ ತೊಡೆ ಜೋಡಿ ನೇತು ಹಾಕಿದ ಹಾಗಿತ್ತು.

“ಬೆನ್ನು ಬಿಚ್ಚೋಣ,” ಅಂದೆ.

“ಬಿಚ್ಚಿ ಮುಚ್ಚೋಕೆ ಒಂದೂವರೆ ತಿಂಗಳು. ನಿಂಗಿರೋದು ಮೂರು ವಾರ. ಒಂದು ಸಣ್ಣ ಕೈ ಹುಡುಕು. ಬರೀ ಸಣ್ಣದಾದ್ರೆ ಸಾಲ್ದು. ಕಣ್ಣು ಮುಚ್ಕೊಂಡು ಮರ ಅಂಟಿಸಿ ಗೊತ್ತಿರೋ ಕೈ.”

ಅಂಥ ಕೈ ಗ್ರನಾಡಾದಲ್ಲಿ ಎಲ್ಲಿದೆ ಎಂದು ಯೋಚಿಸುತ್ತಾ ಇಳಿದು ಬಂದೆ. ಯಾರ ಮನೆಗೆ ಹೋಗುತ್ತಿದ್ದೆನೋ ಅಲ್ಲೇ ಇತ್ತು, ಆ ಕೈ. ನಲವತ್ತು ವರ್ಷ ಅತ್ತೆ ತರಸೆಯಾ ಕಾರ್ಖಾನೆಯಲ್ಲಿ ದುಡಿದವಳು. ತರಸೆಯಾ ಅಂದರೆ ಪೆಟ್ಟಿಗೆಯ ಮುಚ್ಚಳದ ಮೇಲೆ ಅಕ್ಕಿಕಾಳಿನಷ್ಟು ಮರದ, ಮೂಳೆಯ ಚೂರುಗಳನ್ನು ಕೂರಿಸಿ ನಕ್ಷತ್ರ ಮಾಡುವ ಕೆಲಸ. ಒಂದು ಪೆಟ್ಟಿಗೆಗೆ ನಾಲ್ಕು ಸಾವಿರ ಚೂರು. ಮನೆಯಲ್ಲಿ ಹನ್ನೆರಡು ತಿಂಗಳು ನಾನು ಗೋಂದು ಕಾಯಿಸಿದೆ, ಚೆಲ್ಲಿದೆ, ಬೈದುಕೊಂಡೆ. ಒಂದು ದಿನವೂ ‘ಅತ್ತೆ, ಇದು ಹೇಗೆ’ ಎಂದು ಕೇಳಿರಲಿಲ್ಲ. ಕೇಳುವುದಿರಲಿ, ಅವಳ ಕೈಗೆ ಥರ್ಮಾಮೀಟರ್ ಕೊಟ್ಟಿದ್ದೆ.

ಸಿಟ್ಟು ಎಲ್ಲಿಗೂ ಹೋಗಲಿಲ್ಲ, ದಿಕ್ಕು ಬದಲಿಸಿತು. ಬೇರೆಯವರ ಮೇಲಿದ್ದಾಗ ಅದಕ್ಕೊಂದು ಮಜಾ ಇತ್ತು. ಈಗ ಇರಲಿಲ್ಲ.

ಒಂದು ವಾರ ಗಿಟಾರ್ ಸ್ನಾನದ ಮನೆಯಲ್ಲಿ ನೇತಾಡಿತು. ಅತ್ತೆ ಮಾತು ಬಿಟ್ಟಳು. ಮನೆಯಲ್ಲಿ ನನ್ನ ಜೊತೆ ಮಾತು ಬಿಟ್ಟವರ ಸಂಖ್ಯೆ ಎರಡಾಯಿತು. ಬಿರುಕು ಗುರುವಾರ ಕೂದಲೆಳೆಯಷ್ಟಾಯಿತು, ಸೋಮವಾರ ಮುಚ್ಚಿಕೊಂಡಿತು. ಅವತ್ತು ಅತ್ತೆ ಈರುಳ್ಳಿ ಹೆಚ್ಚುತ್ತಿದ್ದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು, ತಪ್ಪಾಯ್ತು ಎಂದು ಗೊಣಗಿದೆ.

“ಅತ್ತೆ, ನಿನ್ನ ಕೈ ಬೇಕು.”

“ಯಾಕೆ, ಇನ್ನೊಂದು ವೀಡಿಯೋಗಾ?”

“ತಪ್ಪಾಯ್ತು ಅಂದ್ನಲ್ಲ.”

“ಎಲ್ಲಂದೆ? ಯಾರ ಮುಂದೆ? ಈ ಈರುಳ್ಳಿ ಮುಂದೆ. ನಗ್ಸಿದ್ದು ಊರ ಮುಂದೆ, ತಪ್ಪಾಯ್ತು ಅನ್ನೋದು ಈರುಳ್ಳಿ ಮುಂದೆ. ಚೆನ್ನಾಗಿದೆ ನಿನ್ನ ಲೆಕ್ಕ.” ಚಾಕು ಹಲಗೆಗೆ ಬಡಿಯಿತು. “ಏಳು ವಾರ ಬೇಕರಿಗೆ ಹೋಗಿಲ್ಲ ನಾನು. ಗಮನಿಸಿದ್ಯಾ? ಬ್ರೆಡ್ ಎಲ್ಲಿಂದ ಬರ್ತಿದೆ ಅಂತ ಕೇಳಿದ್ಯಾ? ಸೇತುವೆ ದಾಟಿ ಹೋಗಿ ತರ್ತಿದೀನಿ, ಈ ಮಂಡಿ ಇಟ್ಕೊಂಡು.”

ಗಮನಿಸಿರಲಿಲ್ಲ. ತಿಂದಿದ್ದೆ.

“ಏನ್ ಮಾಡ್ಬೇಕು ಹೇಳು.”

“ನಾಳೆ ಹನ್ನೊಂದು ಗಂಟೆ. ಕ್ಯೂ ಬಾಗಿಲಿಂದಾಚೆ ಇರುತ್ತೆ. ಥರ್ಮಾಮೀಟರ್ ತಗೊಂಡು ಬಾ.”

ಮರುದಿನ ಹನ್ನೊಂದಕ್ಕೆ ಬೇಕರಿಯಲ್ಲಿ ಇಪ್ಪತ್ತೆರಡು ಜನ. ಅತ್ತೆ ಬ್ರೆಡ್ ಚೀಲ ಹಿಡಿದು, ಹಬ್ಬದ ಕೋಟು ಹಾಕಿಕೊಂಡು ನನ್ನ ಪಕ್ಕ. ನಾನು ಗಂಟಲು ಸರಿ ಮಾಡಿಕೊಂಡು, ಎದೆ ಉಬ್ಬಿಸಿ ಶುರು ಮಾಡಿದೆ: “ಮಹಾಜನರೇ! ಇತಿಹಾಸದಲ್ಲಿ ಒಬ್ಬ ಪಾಪಿ...”

“ಸಿನಿಮಾ ಬೇಡ,” ಅತ್ತೆ ಅಂದಳು. “ಸುಮ್ನೆ ಹೇಳು.”

ಸುಮ್ಮನೆ ಹೇಳುವುದು ನನಗೆ ಅಭ್ಯಾಸವಿಲ್ಲ. ಕಿವಿ ಕಾದವು. “ನಾನು ಅತ್ತೆಗೆ ಸುಳ್ಳು ಹೇಳಿದ್ದೆ. ಅವರು ನಂಬಿದ್ದು ನನ್ನನ್ನ. ಅದ್ರಲ್ಲಿ ನಗೋಕೇನಿಲ್ಲ. ನಗೋದಿದ್ರೆ ನನ್ನ ನೋಡಿ ನಗಿ.”

ಯಾರೂ ನಗಲಿಲ್ಲ. ಅದು ಇನ್ನೂ ಕೆಟ್ಟದಾಗಿತ್ತು. ಆಗ ಅತ್ತೆ ನನ್ನ ಗಲ್ಲ ಹಿಡಿದು, ಬಾಯಿಗೆ ಥರ್ಮಾಮೀಟರ್ ತುರುಕಿ, “ಬ್ರೆಡ್ ತಗೊಳ್ಳೋವರ್ಗೂ ತೆಗೀಬೇಡ” ಅಂದಳು. ಮೂವತ್ತು ನಿಮಿಷ ಹಾಗೇ ನಿಂತೆ. ಇಪ್ಪತ್ತೆರಡು ಜನ, ಎದುರಿನ ಔಷಧಿ ಅಂಗಡಿಯವನು, ನಾಯಿ ಹಿಡಿದು ಹೋಗುತ್ತಿದ್ದ ಇಬ್ಬರು, ಎಲ್ಲರೂ ಫೋನ್ ತೆಗೆದರು. ಫುಯೆನ್ಸಾಂತಾ ಬ್ರೆಡ್ ಕೊಡುತ್ತಾ, “ಡಾಕ್ಟ್ರೇ, ಪೇಷೆಂಟ್ ಬದುಕ್ತಾನಾ?” ಎಂದು ಕೇಳಿದಳು.

“ಬದುಕೋದೇ ಇವನ ಕಾಯಿಲೆ,” ಅಂದಳು ಅತ್ತೆ.

ಇಪ್ಪತ್ನಾಲ್ಕು ವರ್ಷ ಡೈಲಾಗ್ ಹೊಡೆದವನು ನಾನು. ಅಂಥದೊಂದು ನನ್ನ ಬಾಯಲ್ಲಿ ಯಾವತ್ತೂ ಬಂದಿರಲಿಲ್ಲ. ಬಾಯಲ್ಲಿ ಥರ್ಮಾಮೀಟರ್ ಇರುವಾಗಲೇ ಸಿಟ್ಟು ಬಂತು.

ಅವತ್ತು ಮಧ್ಯಾಹ್ನ ಮೇಜಿನ ಬಟ್ಟೆ ತೆಗೆದು, ಬ್ರಸೇರೋ ಆರಿಸಿ, ಗಿಟಾರನ್ನು ದಿಂಬಿನ ಮೇಲೆ ಇಟ್ಟೆವು. ಅತ್ತೆ ಉಂಗುರ ಕಳಚಿ ಉಪ್ಪಿನ ಬಟ್ಟಲಿಗೆ ಹಾಕಿದಳು. ತೋಳು ಮಡಿಚಿದಳು. ಗೋಂದಿನ ಹನಿಯೊಂದನ್ನು ಕೆಳತುಟಿಗೆ ತಾಗಿಸಿ ನೋಡಿದಳು.

“ಇದು ಗೋಂದಾ, ಗಂಜಿನಾ? ಇನ್ನೂ ಕುದಿಸು. ಒಂದು ವರ್ಷ ಇದನ್ನೇ ಹಾಕಿ ಅಂಟಿಸಿದ್ಯಾ? ಮೇಜಿನ ಕೆಳಗಿಡದಿದ್ರೂ ಒಡೀತಿತ್ತು ಬಿಡು.”

“ಆವಾಗ್ಲೇ ಹೇಳ್ಬೋದಿತ್ತಲ್ಲ!”

“ಕೇಳ್ಬೋದಿತ್ತಲ್ಲ.”

ಅವಳ ಕೈ ಗಿಟಾರಿನ ಬಾಯೊಳಗೆ ಹೋಯಿತು. ಗೆಣ್ಣು, ಮಣಿಕಟ್ಟು, ಮೊಣಕೈವರೆಗೆ. ಬಾಗಿಲಿಲ್ಲದ ಮನೆಗೆ ಬೆಕ್ಕು ಹೋಗುವ ಹಾಗೆ. ನಾನು ಕನ್ನಡಿ ಹಿಡಿದು ದೀಪ ತೋರಿಸಿದೆ. ಅವಳು ಕನ್ನಡಿ ಕಡೆ ನೋಡಲೇ ಇಲ್ಲ, ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದಳು. ಬೆರಳು ಒಳಗೆ ಹಲಗೆಯ ಮೇಲೆ ತೆವಳುವ ಸದ್ದು ಮಾತ್ರ ಕೇಳಿಸುತ್ತಿತ್ತು.

“ಇಲ್ಲೊಂದು ಕಾಲಾಳು ಸಡಿಲ ಇದೆ.”

“ಇರಲ್ಲ. ಒಂದೊಂದನ್ನೂ ನಾನೇ...”

“ಇದೆ ಅಂದ್ನಲ್ಲ. ಎರಡಿದೆ. ದೀಪ ಆ ಕಡೆ ಹಿಡಿ, ನನ್ನ ಕಣ್ಣಿಗಲ್ಲ. ಚೂರು ಕೊಡು.”

ಮೊದಲ ತೇಪೆ ಕೂತಿತು. ಎರಡನೆಯದು. ಮೂರನೆಯದನ್ನು ಅರ್ಧ ಒತ್ತಿ ಹಿಡಿದಿದ್ದಾಗ ನನ್ನ ಫೋನ್ ಬಡಿದುಕೊಂಡಿತು. ನಾನು ಬೆಚ್ಚಿದೆ, ಕನ್ನಡಿ ಗಿಟಾರಿನ ಅಂಚಿಗೆ ತಾಗಿತು.

“ಹೊಸುವೆ,” ಅತ್ತೆ ಅಂದಳು, ಕೈ ಅಲ್ಲಾಡಿಸದೆ, “ಆ ಫೋನನ್ನ ಬೇಳೆ ಪಾತ್ರೆಗೆ ಹಾಕು.”

ಹಾಕಲಿಲ್ಲ, ಆರಿಸಿದೆ. ಸಂಜೆ ಐದಕ್ಕೆ ಐದೂ ತೇಪೆ ಕೂತಿದ್ದವು, ಎರಡು ಕಾಲಾಳುಗಳೂ. ಕೈ ಹೊರಗೆ ಬಂದಾಗ ಮೊಣಕೈ ಸುತ್ತ ಕೆಂಪು ಬಳೆಯ ಗುರುತು. ಅತ್ತೆ ಅದನ್ನು ಉಜ್ಜಿಕೊಳ್ಳುತ್ತಾ, “ಮುಗೀತು. ಆದ್ರೆ ನಿನ್ನ ಮೇಲಿನ ಸಿಟ್ಟು ಮುಗಿದಿಲ್ಲ. ತಿಳೀತಾ?” ಅಂದಳು.

“ನಂಗೂ ಮುಗಿದಿಲ್ಲ.”

“ಯಾರ ಮೇಲೆ?”

ಉಪ್ಪಿನ ಬಟ್ಟಲಿನಿಂದ ಉಂಗುರ ತೆಗೆದು ಅವಳ ಕೈಗೆ ಕೊಟ್ಟೆ.

ಉಳಿದ ದಿನಗಳಲ್ಲಿ ತೆಳುವಾಗಿ ಮೆರುಗು ಹಚ್ಚಿದೆ, ಎದೆಹಲಗೆಯ ಮೇಲೆ ತಂತಿ ಹಿಡಿಯುವ ಸೇತುವೆ ಕೂರಿಸಿದೆ, ತಂತಿ ಕಟ್ಟಿದೆ. ಬಿರುಕಿನ ಗೆರೆ ಮೆರುಗಿನಡಿಯಲ್ಲಿ ಹೊಲಿಗೆಯ ಹಾಗೆ ಕಾಣುತ್ತಲೇ ಇತ್ತು. ಅದನ್ನು ಬಣ್ಣದಲ್ಲಿ ಮುಚ್ಚುವ ಉಪಾಯ ನನಗೆ ಗೊತ್ತಿತ್ತು. ಮುಚ್ಚಲಿಲ್ಲ.

ಶನಿವಾರ ಮಧ್ಯಾಹ್ನ ನೊಯೆಲಿಯಾ ಬಂದಳು. ಅತ್ತೆಗೆ ಮುತ್ತು ಕೊಟ್ಟಳು. ಅವಳ ಪಾಲಿಗೆ ನಾನು ಅಲ್ಲಿದ್ದ ಕುರ್ಚಿಗಳಲ್ಲಿ ಒಂದು. ಮೇಜಿನ ಮೇಲಿದ್ದ ಗಿಟಾರನ್ನು ನೋಡಿದಳು. ನಾನು ಹದಿನಾಲ್ಕು ತಿಂಗಳಿಂದ ಬಾಯಿಪಾಠ ಮಾಡಿಕೊಂಡಿದ್ದ ಡೈಲಾಗ್ ಇತ್ತು, ಮೂರು ಪುಟ, ಕೊನೆಯಲ್ಲಿ ಮಳೆ ಬರುವಂಥದ್ದು. ಬಾಯಿ ತೆರೆದೆ. ಅಡುಗೆಮನೆಯಲ್ಲಿ ಪಾತ್ರೆಯೊಂದು ಬೇಕೆಂದೇ ಸದ್ದು ಮಾಡಿತು. ಬಾಯಿ ಮುಚ್ಚಿಕೊಂಡೆ.

ಅವಳು ಗಿಟಾರ್ ಎತ್ತಿಕೊಂಡು ಕಿಟಕಿಗೆ ಹಿಡಿದಳು. ಬೆರಳು ನೇರ ಆ ಗೆರೆಯ ಮೇಲೆ ನಿಂತಿತು. ಮುಖ ಗಂಟಾಯಿತು.

“ಇದೇನು?” ಎಂದು ಕೇಳಿದ್ದು ಗಿಟಾರನ್ನು, ನನ್ನನ್ನಲ್ಲ.

“ಒಡೆದಿತ್ತು,” ಅಂದೆ. “ನನ್ನಿಂದಾನೇ. ಇನ್ನೊಂದು ಜೋಕ್. ಅತ್ತೆ ರಿಪೇರಿ ಮಾಡಿದ್ಲು.”

ನನ್ನ ಜೀವನದ ಅತ್ಯಂತ ಸಪ್ಪೆ ಡೈಲಾಗ್. ನೊಯೆಲಿಯಾ ಕುರ್ಚಿ ಎಳೆದು ಕೂತಳು. ಶ್ರುತಿ ಮಾಡಿದಳು. ನುಡಿಸಿದಳು. ಸದ್ದು ಗಡುಸಾಗಿತ್ತು, ಒಣಗಿತ್ತು, ಬಾಯಿ ತುಂಬ ಬೈಯುವವರ ಧ್ವನಿಯಂತಿತ್ತು. ಅವಳ ಹುಬ್ಬು ಮೇಲೇರಿತು. ಮತ್ತೆ ನುಡಿಸಿದಳು, ಈ ಸಲ ಪೂರ್ತಿ ಸಿಟ್ಟಿನಿಂದ, ಹದಿನಾಲ್ಕು ತಿಂಗಳದ್ದೆಲ್ಲ ಸೇರಿಸಿ. ತಾಳದ ನಡುವೆ ಬೆರಳಿನಿಂದ ಹಲಗೆಗೆ ಬಡಿಯುವುದು ನಮ್ಮ ಕಡೆಯ ರೀತಿ. ಅವಳು ಬಡಿದದ್ದು ಸರಿಯಾಗಿ ಬಿರುಕಿನ ಮೇಲೆ. ಅವಳು ನೇರ ನನ್ನ ಕಣ್ಣು ನೋಡುತ್ತಾ ಇನ್ನೊಮ್ಮೆ ಬಡಿದಳು, ಇನ್ನೂ ಜೋರಾಗಿ.

“ಬಡಿ, ಬಡಿ,” ಅತ್ತೆ ಒಳಗಿನಿಂದ ಕೂಗಿದಳು. “ಅಲ್ಲಿ ಒಡೆಯಲ್ಲ. ಅದು ನನ್ನ ಕೆಲಸ. ಬೇರೆ ಕಡೆ ಬಡಿಯೋವಾಗ ಮಾತ್ರ ಹುಷಾರು!”

ನೊಯೆಲಿಯಾಳ ತುಟಿ ಒಂದು ಮೂಲೆಯಲ್ಲಿ ಅಲ್ಲಾಡಿತು. ತಕ್ಷಣ ಬಿಗಿ ಮಾಡಿಕೊಂಡಳು. ಮೂಲೆಯಲ್ಲಿ ಉಳಿದಿದ್ದ ತನ್ನ ಹಳೇ ಗಿಟಾರಿನ ಖಾಲಿ ಪೆಟ್ಟಿಗೆಯಲ್ಲಿ ಇದನ್ನಿಟ್ಟು ಚಿಲಕ ಹಾಕಿದಳು. ಬಾಗಿಲ ಬಳಿ ತಿರುಗಿದಳು.

“ಎರಡಾಯ್ತು ಕಣೋ,” ಅಂದಳು. “ಮೂರನೇದಕ್ಕೆ ಕೈ ಹಾಕಿದ್ರೆ ಅಂಥದೇ ಬೀರು ಒಳಗೆ ನಿನ್ನ ಹಾಕ್ತೀನಿ.”

ಹದಿನಾಲ್ಕು ತಿಂಗಳ ನಂತರದ ಮೊದಲ ಮಾತು. ಕೇಳಿ ಮೈ ಉರಿಯಿತು. ಮೆಟ್ಟಿಲ ತುದಿಗೆ ಓಡಿ, “ಅಂಥ ಬೀರುವಲ್ಲಿ ಗ್ಯಾಸ್ ಸಿಲಿಂಡರ್ ಕೂಡ ಹಿಡಿಯಲ್ಲ, ಇನ್ನು ನಾನು ಹಿಡೀತೀನಾ!” ಎಂದು ಕೂಗಿದೆ. ಕೆಳಗಿನಿಂದ ಅವಳು ಅದಕ್ಕಿಂತ ಜೋರಾಗಿ ಏನೋ ಬೈದಳು. ನಾನೂ ಬೈದೆ. ಎದುರು ಮನೆಯವರು ಕಿಟಕಿ ಮುಚ್ಚಿಕೊಂಡರು.